ನಾಲ್ಕು ದಿಕ್ಕಿನ ನ್ಯೂಸ್

ತಿಪ್ಪೇರುದ್ರಯ್ಯನವರು ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಶಿಸ್ತಿನ ಮನುಷ್ಯ. ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಂದು ಇಂಗ್ಲಿಷ್ ಪದವನ್ನು ಬೋರ್ಡಿನ ಮೇಲೆ ಬರೆದು, ಅದರ ಅರ್ಥಗಳನ್ನು, ಅದು ಹುಟ್ಟಿದ ಬಗೆಯನ್ನು ನಾಲ್ಕು ನೂರು ಮಕ್ಕಳಿಗೆ ವಿವರಿಸುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

ಒಂದು ದಿನದ ಪದ 'ನ್ಯೂಸ್'. ಮೇಷ್ಟ್ರು ಹೇಳಿದರು: "ನ್ಯೂಸ್ ಅಂದ್ರೆ ಸುದ್ದಿ, ವಾರ್ತೆ. ಒಬ್ಬ ಮನುಷ್ಯನನ್ನೇ ಬ್ಯಾಡ್ ನ್ಯೂಸ್ ಅಂದ್ರೆ, ಅವನಿಂದ ದೂರ ಇರಿ ಅಂತ. ಇದು ನನಗೆ ನ್ಯೂಸು ಅಂದ್ರೆ, ನನಗೆ ಇಲ್ಲೀವರೆಗೆ ಗೊತ್ತೇ ಇರಲಿಲ್ಲ ಅಂತ. ಇನ್ನು ಇದು ಹುಟ್ಟಿದ್ದು ಹೇಗೆ? ನಾರ್ತ್, ಈಸ್ಟ್, ವೆಸ್ಟ್, ಸೌತ್. ನಾಲ್ಕು ದಿಕ್ಕಿನ ಮೊದಲಕ್ಷರ ಜೋಡಿಸಿ. ನಾಲ್ಕೂ ದಿಕ್ಕಿನಿಂದ ಬರೋದೇ ನ್ಯೂಸ್!"

ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರೂ ನೋಟ್ ಬುಕ್ಕಿನಲ್ಲಿ ಬರೆದುಕೊಂಡರು.

ಎರಡು ತಿಂಗಳ ನಂತರ ತಾಲ್ಲೂಕು ಮಟ್ಟದ ರಸಪ್ರಶ್ನೆ ಸ್ಪರ್ಧೆ ನಡೆಯಿತು. ಈ ಶಾಲೆಯ ತಂಡಕ್ಕೆ ಹತ್ತನೇ ತರಗತಿಯ ಸಿದ್ಧಗಂಗಾ ನಾಯಕಿ. ಕೊನೆಯ ಪ್ರಶ್ನೆಯ ಹೊತ್ತಿಗೆ ಎರಡು ಶಾಲೆಗಳು ಸಮಸಮ. ಪ್ರಶ್ನೆ ಬಂತು: ನ್ಯೂಸ್ ಎಂಬ ಪದದ ಮೂಲ ಯಾವುದು?

ಸಿದ್ಧಗಂಗಾ ಥಟ್ಟನೆ ಕೈ ಎತ್ತಿದಳು. ನಾಲ್ಕು ದಿಕ್ಕಿನ ವಿವರಣೆಯನ್ನು ಒಂದಕ್ಷರ ಬಿಡದೆ ಹೇಳಿದಳು.

"ತಪ್ಪು" ಎಂದರು ತೀರ್ಪುಗಾರರು. ಶೀಲ್ಡು ಎದುರಿನ ಶಾಲೆಗೆ ಹೋಯಿತು.

ಮೊದಲೆರಡು ಸ್ಥಾನದ ತಂಡಗಳು ಜಿಲ್ಲಾ ಸ್ಪರ್ಧೆಗೆ ಹೋಗಬೇಕು. ಹೀಗಾಗಿ ಅವಕಾಶವೇನೋ ಉಳಿಯಿತು. ಆದರೆ ಹೆಡ್ ಮೇಷ್ಟ್ರು ಹೇಳಿದರು: "ಯೋಚನೆ ಮಾಡದೆ ಬಾಯಿಗೆ ಬಂದದ್ದು ಹೇಳೋ ಹುಡುಗಿ ಬೇಡ. ಬೇರೆಯವರನ್ನ ಹಾಕಿ." ಸಿದ್ಧಗಂಗಾಳ ಹೆಸರು ತಂಡದಿಂದ ಹೋಯಿತು. ಅಷ್ಟೇ ಅಲ್ಲ, ಅವಳು ಕಾರಿಡಾರಿನಲ್ಲಿ ಬಂದರೆ ಸಾಕು, ಹುಡುಗರು ಶುರು ಮಾಡುತ್ತಿದ್ದರು.

"ನಾರ್ತ್ ಬಂತು ನೋಡ್ರೋ!"

"ಸೌತ್ ಎಲ್ಲಿ ಬಿಟ್ಟು ಬಂದೆ ತಾಯಿ?"

ನಗುತ್ತಿದ್ದ ಪ್ರತಿಯೊಬ್ಬನ ನೋಟ್ ಬುಕ್ಕಿನಲ್ಲೂ ಅದೇ ಉತ್ತರವಿತ್ತು. ಅದು ಯಾರಿಗೂ ನೆನಪಾಗಲಿಲ್ಲ. ಸಿದ್ಧಗಂಗಾ ಮಾತ್ರ, ಇದನ್ನು ಹೇಳಿಕೊಟ್ಟವರು ಯಾರು ಎಂದು ಎಲ್ಲಿಯೂ ಬಾಯಿ ಬಿಡಲಿಲ್ಲ.

ಮೇಷ್ಟ್ರಿಗೆ ವಿಷಯ ತಿಳಿದಾಗ ಮೊದಲು ಸಿಟ್ಟೇ ಬಂತು. "ಆ ತೀರ್ಪುಗಾರರಿಗೆ ಏನು ಗೊತ್ತು?" ಎಂದರು. ಅವರ ಬಾಯಿ ಮುಚ್ಚಿಸಬೇಕೆಂದೇ ಸಂಜೆ ಮನೆಗೆ ಹೋಗಿ ದಪ್ಪ ನಿಘಂಟನ್ನು ಕೆಳಗಿಳಿಸಿದರು. ಅದನ್ನು ಅವರು ಸಾವಿರ ಸಲ ತೆರೆದಿದ್ದರು. ಆದರೆ ನ್ಯೂಸ್ ಎಂಬ ಪದಕ್ಕಾಗಿ ಒಮ್ಮೆಯೂ ತೆರೆದಿರಲಿಲ್ಲ. ಗೊತ್ತಿಲ್ಲದ ಪದಗಳನ್ನು ಮಾತ್ರ ಅವರು ಹುಡುಕುತ್ತಿದ್ದರು. ಇದು ಗೊತ್ತಿರುವ ಪದ. ತಾವು ಹೈಸ್ಕೂಲಿನಲ್ಲಿದ್ದಾಗ ತಮ್ಮ ಮೇಷ್ಟ್ರು ಹೇಳಿದ್ದು, ಅದನ್ನೇಕೆ ಹುಡುಕಬೇಕು?

ನಿಘಂಟಿನಲ್ಲಿ ದಿಕ್ಕುಗಳ ಸುಳಿವೇ ಇರಲಿಲ್ಲ. 'ನ್ಯೂ' ಅಂದರೆ ಹೊಸದು, 'ನ್ಯೂಸ್' ಅಂದರೆ ಹೊಸ ಸಂಗತಿಗಳು. ನೂರಾರು ವರ್ಷಗಳಿಂದ ಬಳಕೆಯಲ್ಲಿರುವ ಪದ. ಅಷ್ಟೇ. ನಾವೂ ಎದುರು ಸಿಕ್ಕವರನ್ನು 'ಏನು ಹೊಸ ವಿಷಯ?' ಎಂದೇ ಕೇಳುವುದಿಲ್ಲವೇ? ಇಷ್ಟು ಸರಳವಾದದ್ದು ಇಪ್ಪತ್ತಾರು ವರ್ಷ ಹೊಳೆಯಲಿಲ್ಲವಲ್ಲ ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು.

ಮರುದಿನ ಅವರು ಅರ್ಧ ಕೆಲಸ ಮಾಡಿದರು. ಬೋರ್ಡಿನ ಒಂದು ಮೂಲೆಯಲ್ಲಿ ಸರಿಯಾದ ಮೂಲವನ್ನು ಸಣ್ಣ ಅಕ್ಷರದಲ್ಲಿ ಬರೆದು ಸುಮ್ಮನಾದರು. ಅದನ್ನು ಯಾರೂ ಓದಲಿಲ್ಲ. ಆಮೇಲೆ ಸಿದ್ಧಗಂಗಾಳನ್ನು ಸ್ಟಾಫ್ ರೂಮಿಗೆ ಕರೆದರು.

"ತಪ್ಪು ನಿನ್ನದಲ್ಲ ಕಣಮ್ಮ, ನನ್ನದು. ಮನಸ್ಸಿಗೆ ಹಚ್ಕೋಬೇಡ."

ಹುಡುಗಿ ಮೆಲ್ಲಗೆ ಹೇಳಿದಳು: "ಸರ್, ನನಗೆ ಹೇಳಿದ್ರೆ ಏನು ಬಂತು? ನೀವು ಹೇಳಿದ್ದನ್ನೇ ಹೇಳಿದೆ ಅಂತ ನನಗೆ ಮೊದಲೇ ಗೊತ್ತಿತ್ತು. ನಗ್ತಾ ಇರೋರು ಅವರು. ಆವತ್ತು ನೀವು ಅವರೆಲ್ಲರ ಮುಂದೆ ಹೇಳಿದ್ರಿ."

ಅಲ್ಲಿಯೇ ಕುಳಿತಿದ್ದ ಹೆಡ್ ಮೇಷ್ಟ್ರು, ಹುಡುಗಿ ಹೋದ ಮೇಲೆ ಹೇಳಿದರು: "ರುದ್ರಯ್ಯನವರೇ, ಆ ಹುಚ್ಚು ಬೇಡ. ನಾಲ್ಕು ನೂರು ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡ್ರೆ ನಾಳೆಯಿಂದ ನಿಮ್ಮ ಒಂದೊಂದು ಮಾತಿಗೂ ಪ್ರಶ್ನೆ ಬರುತ್ತೆ. ನಿವೃತ್ತಿಗೆ ಇನ್ನೆರಡು ವರ್ಷ. ಮರ್ಯಾದೆಯಿಂದ ಕಳೀರಿ. ಹುಡುಗಿ ಒಂದು ವಾರದಲ್ಲಿ ಮರೀತಾಳೆ."

"ಮರೆಯಲ್ಲ ಸರ್" ಎಂದರು ಮೇಷ್ಟ್ರು. "ಮರೆತರೂ, ಅವಳ ಹೆಸರು ತಂಡಕ್ಕೆ ವಾಪಸ್ ಬರಲ್ಲ. ನನ್ನ ಮರ್ಯಾದೆ ಅವಳ ತಲೆ ಮೇಲೆ ನಿಂತಿದೆ. ಅದು ನನಗೆ ಬೇಡ."

ಮರುದಿನ ಪ್ರಾರ್ಥನೆ ಮುಗಿಯಿತು. ಮೇಷ್ಟ್ರು ಮೈಕಿನ ಮುಂದೆ ನಿಂತರು. ಪೀಠಿಕೆ ಹಾಕಲಿಲ್ಲ.

"ನ್ಯೂಸ್ ಅನ್ನೋ ಪದ ನಾಲ್ಕು ದಿಕ್ಕಿನಿಂದ ಬಂತು ಅಂತ ಇದೇ ಜಾಗದಲ್ಲಿ ನಿಂತು ಹೇಳಿದ್ದೆ. ಅದು ಸುಳ್ಳು. ಹೊಸ ಸಂಗತಿಗಳು ಅನ್ನೋದೇ ಅದರ ಮೂಲ. ನಾನು ನಿಘಂಟು ನೋಡದೆ ಹೇಳಿದೆ. ಸಿದ್ಧಗಂಗಾ ನನ್ನನ್ನು ನಂಬಿ ಅದನ್ನೇ ಹೇಳಿದಳು. ಶೀಲ್ಡು ಹೋದದ್ದು ನನ್ನಿಂದ. ನಗೋದಾದರೆ ನನ್ನನ್ನು ನೋಡಿ ನಗಿ."

ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಿಂದ ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ.

"ಸರ್, ಹಾಗಾದ್ರೆ ನೀವು ಹೇಳಿದ ಬೇರೆ ಪದಗಳು?"

ಹೆಡ್ ಮೇಷ್ಟ್ರು ಹಣೆ ಚಚ್ಚಿಕೊಂಡರು. ತಿಪ್ಪೇರುದ್ರಯ್ಯನವರು ಆ ಹುಡುಗನಿಗೆ ಹೇಳಿದರು:

"ಸರಿಯಾಗಿ ಕೇಳಿದೆ. ಎಲ್ಲವನ್ನೂ ಮತ್ತೆ ನೋಡೋಣ. ಲೈಬ್ರರಿಯಲ್ಲಿ ನಿಘಂಟು ಇದೆ. ಸಂಜೆ ನಾಲ್ಕೂವರೆಗೆ ಬಾ. ನೀನೇ ಓದು, ನಾನು ಕೂತು ಕೇಳ್ತೀನಿ. ಇನ್ನೆಷ್ಟು ತಪ್ಪು ಸಿಗುತ್ತೋ, ಅಷ್ಟನ್ನೂ ಇಲ್ಲೇ ಹೇಳ್ತೀನಿ."

ಸಾಲು ಚದುರಿ ಎಲ್ಲರೂ ತರಗತಿಗೆ ಹೊರಟಾಗ, ಎಲ್ಲರಿಗಿಂತ ಜೋರಾಗಿ ಗೇಲಿ ಮಾಡುತ್ತಿದ್ದ ಓಂಕಾರ ಸಿದ್ಧಗಂಗಾಳ ಪಕ್ಕಕ್ಕೆ ಬಂದ. ಅವನೂ ರಸಪ್ರಶ್ನೆ ತಂಡದಲ್ಲಿದ್ದವನೇ.

"ನಾನೂ ಅದೇ ಉತ್ತರ ಹೇಳ್ತಿದ್ದೆ ಕಣೇ" ಎಂದ. "ಕೈ ಮೊದಲು ಎತ್ತಿದ್ದು ನೀನು, ಅಷ್ಟೇ."

"ಇದನ್ನ ಹೇಳೋಕೆ ನಿನಗೆ ಇಷ್ಟು ದಿನ ಬೇಕಾಯ್ತಾ?" ಎಂದಳು ಸಿದ್ಧಗಂಗಾ.

ಮಧ್ಯಾಹ್ನ ಹೆಡ್ ಮೇಷ್ಟ್ರು ಜಿಲ್ಲಾ ಸ್ಪರ್ಧೆಯ ಪಟ್ಟಿಯನ್ನು ತಾವೇ ತಿದ್ದಿ ಕಳಿಸಿದರು. ಮೊದಲ ಹೆಸರು ಸಿದ್ಧಗಂಗಾಳದು.

ನೀತಿ: ಗೊತ್ತಿಲ್ಲದ್ದನ್ನು ಹುಡುಕುವುದು ದೊಡ್ಡ ಸಂಗತಿಯಲ್ಲ. ಗೊತ್ತಿದೆ ಎಂದುಕೊಂಡಿರುವುದನ್ನು ಪರೀಕ್ಷಿಸುವವನೇ ವಿದ್ಯಾವಂತ. ಒಂದು ತಪ್ಪನ್ನು ಎಷ್ಟು ಜನರಿಗೆ ಹೇಳಿದ್ದೀರೋ ಅಷ್ಟೇ ಜನರ ಮುಂದೆ, ಅಷ್ಟೇ ದೊಡ್ಡ ದನಿಯಲ್ಲಿ ಅದನ್ನು ತಿದ್ದಬೇಕು. ನಾಲ್ಕು ನೂರು ಜನಕ್ಕೆ ಸುಳ್ಳು ಹಂಚಿ, ಒಬ್ಬರ ಕಿವಿಯಲ್ಲಿ ಸತ್ಯ ಹೇಳಿದರೆ ಲೆಕ್ಕ ಸರಿಹೋಗುವುದಿಲ್ಲ. ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಹತ್ತು ಗುಂಪುಗಳಿಗೆ ಕಳಿಸುವವರು ಇದನ್ನು ಎರಡು ಸಲ ಓದಬೇಕು.