ಲೋಹದ ಗಡಿಗೆ

"ಬುದ್ಧಿ, ವ್ಯಾಪಾರ ಬೆಳೆಯುತ್ತಲೇ ಇದೆ, ಆದರೂ ಕೈ ಬರಿದಾಗುತ್ತಿದೆ. ಇದು ಯಾಕೆ?" ಎಂದು ಶಿವನಂಜಪ್ಪ ಗುರುಗಳನ್ನು ಕೇಳಿದ.

ಅವನು ಎಣ್ಣೆ ಗಾಣದ ಯಜಮಾನ. ಬರುವಾಗ ಹೊಸ ಬೆಳ್ಳಿ ತಟ್ಟೆಯಲ್ಲಿ ಹಣ್ಣು ತಂದು ಗುರುಗಳ ಮುಂದೆ ಇಟ್ಟಿದ್ದ. ಮೊದಲು ಅವನಿಗೆ ಒಂದೇ ಗಾಣವಿತ್ತು, ಈಗ ಎರಡಿವೆ. ತೆಗೆದ ಎಣ್ಣೆಯೆಲ್ಲ ಮಾರಿಹೋಗುತ್ತದೆ. ಆದರೆ ಕಡಲೆಕಾಯಿ ಸುಗ್ಗಿ ಬಂದು ಬೆಲೆ ಇಳಿದಿರುವಾಗ ಕೊಳ್ಳಲು ಅವನ ಬಳಿ ಹಣವಿಲ್ಲ. ಈಗ ಕೊಳ್ಳದಿದ್ದರೆ ಎರಡು ಗಾಣವೂ ನಿಲ್ಲುತ್ತವೆ, ಆಳುಗಳು ಬೇರೆ ಊರು ನೋಡಿಕೊಳ್ಳುತ್ತಾರೆ. ಯಾರದೋ ಕಣ್ಣು ಬಿದ್ದಿದೆ, ಒಂದು ತಾಯತ ಕಟ್ಟಿಸಿಕೊಡಿ ಎಂದು ಬೇಡಿಕೊಂಡ.

ಗುರುಗಳು ನಕ್ಕರು. ತಾಯತದ ಮಾತು ಆಮೇಲೆ, ಮೊದಲು ಒಂದು ಕತೆ ಕೇಳು ಎಂದು ಹೇಳತೊಡಗಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಗಂಟೆ, ತಟ್ಟೆ, ಚೊಂಬು ಎರಕ ಹೊಯ್ಯುವುದು ಅವನ ಮನೆತನದ ಕಸುಬು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಾರಿದ ಹಣವನ್ನು ಅವರು ಒಟ್ಟಿಗೆ ಇಡುತ್ತಿರಲಿಲ್ಲ. ಮಾರುವ ಮುಂಚೆ ಪಾತ್ರೆಯನ್ನು ತೂಗುತ್ತಿದ್ದರು. ಅಷ್ಟೇ ತೂಕದ ತಾಮ್ರ, ತವರ ಮತ್ತು ಅದನ್ನು ಕರಗಿಸುವ ಇದ್ದಿಲಿಗೆ ಬೇಕಾದ ಹಣ ಒಂದು ಗಡಿಗೆಗೆ ಬೀಳುತ್ತಿತ್ತು. ಅದನ್ನು ಲೋಹದ ಗಡಿಗೆ ಎನ್ನುತ್ತಿದ್ದರು, ಅದು ಕುಲುಮೆಯ ಪಕ್ಕದಲ್ಲಿ ಇರುತ್ತಿತ್ತು. ಮಿಕ್ಕಿದ್ದು ಮಜೂರಿ. ಅದು ಅಡುಗೆಮನೆಯ ಗೂಡಿನಲ್ಲಿದ್ದ ಮನೆಯ ಗಡಿಗೆಗೆ ಹೋಗುತ್ತಿತ್ತು. ಊಟ, ಬಟ್ಟೆ, ಮದುವೆ, ದಾನ ಎಲ್ಲವೂ ಮನೆಯ ಗಡಿಗೆಯಿಂದಲೇ ನಡೆಯಬೇಕು. ಕಂಚುಗಾರನ ತಂದೆ ಹಬ್ಬಕ್ಕೆ ಹೋಳಿಗೆ ಇಲ್ಲದೆ ಅನ್ನ ಸಾರು ಉಂಡನೇ ಹೊರತು ಲೋಹದ ಗಡಿಗೆಗೆ ಕೈ ಹಾಕಲಿಲ್ಲ. ಊರಿನವರು ಅವನನ್ನು ಜಿಪುಣ ಎನ್ನುತ್ತಿದ್ದರು.

ತಂದೆ ತೀರಿಕೊಂಡ ಮೇಲೆ ಮಗ ಕುಲುಮೆಯ ಮುಂದೆ ಕುಳಿತ. ಅವನ ಕೈ ಚೆನ್ನಾಗಿತ್ತು, ಮಾತು ಇನ್ನೂ ಚೆನ್ನಾಗಿತ್ತು. ವ್ಯಾಪಾರ ಕುದುರಿತು. ದುಡಿಯುವವನು ನಾನು, ಕುಲುಮೆ ನನ್ನದು, ಹಾಗಿದ್ದ ಮೇಲೆ ಎರಡು ಗಡಿಗೆ ಯಾಕೆ ಎಂದುಕೊಂಡು ಎರಡನ್ನೂ ಒಂದೇ ಪೆಟ್ಟಿಗೆಗೆ ಸುರಿದ. ಪೆಟ್ಟಿಗೆ ತುಂಬಿದಂತೆ ಕಂಡಿತು. ಆ ತುಂಬಿದ ಪೆಟ್ಟಿಗೆಯನ್ನು ನೋಡಿ ಮನೆಗೆ ಮಹಡಿ ಹಾಕಿಸಿದ. ಅವನು ದುಷ್ಟನಲ್ಲ, ಜೂಜಾಡಲಿಲ್ಲ, ಕುಡಿಯಲಿಲ್ಲ. ಕೇಳಿದವರಿಗೆ ಇಲ್ಲ ಎನ್ನಲಾರದೆ ದಾನವನ್ನೂ ಮಾಡಿದ. ಜನ ಹೊಗಳಿದರು. ಹೊಗಳಿಕೆ ಕೇಳಿದಷ್ಟೂ ಅವನ ಕೈ ಸಡಿಲವಾಯಿತು.

ಕೊರತೆ ಬಹಳ ಕಾಲ ಕಾಣಿಸಲೇ ಇಲ್ಲ. ಇವತ್ತು ಮಾರಿದ ಚೊಂಬಿನ ಹಣದಿಂದ ನಾಳೆಯ ಚೊಂಬಿಗೆ ತಾಮ್ರ ಬರುತ್ತಿತ್ತು. ಸಣ್ಣ ಪಾತ್ರೆಗೆ ಸ್ವಲ್ಪ ಲೋಹ ಸಾಕು, ಅಷ್ಟು ಯಾವಾಗಲೂ ಹೇಗೋ ಒದಗುತ್ತಿತ್ತು. ತನ್ನ ಬಂಡವಾಳ ಕರಗಿದೆ ಎಂಬುದು, ದಿನವಿಡೀ ಲೋಹ ಕರಗಿಸುವವನಿಗೇ ತಿಳಿಯಲಿಲ್ಲ.

ಒಂದು ದಿನ ದೋಣಿಯವರು ಬಂದರು. ಚಳಿಗಾಲದಲ್ಲಿ ಹೊಳೆಯ ಮೇಲೆ ಮಂಜು ಕವಿದರೆ ದಂಡೆ ಕಾಣುವುದಿಲ್ಲ. ಆಗ ದಂಡೆಯ ಮೇಲೆ ಗಂಟೆ ಬಾರಿಸುತ್ತಾರೆ, ದೋಣಿಗಳು ಆ ಸದ್ದು ಹಿಡಿದು ಬರುತ್ತವೆ. ಹಳೆಯ ಗಂಟೆ ಬಿರುಕು ಬಿಟ್ಟಿತ್ತು. ಹೊಸ ದೊಡ್ಡ ಗಂಟೆ ಬೇಕೆಂದು ಅವರು ತಮ್ಮ ತಮ್ಮಲ್ಲೇ ಕೂಡಿಸಿದ ಹಣವನ್ನು ಮುಂಗಡವಾಗಿ ಕೊಟ್ಟರು. ಕಂಚುಗಾರ ಸಂತೋಷದಿಂದ ಒಪ್ಪಿದ. ಆ ಮುಂಗಡವೂ ಅದೇ ಪೆಟ್ಟಿಗೆಗೆ ಬಿತ್ತು. ಮಹಡಿಯ ಬಾಕಿ ಕೇಳಲು ಬಡಗಿ ಬಂದಾಗ ಅದರಲ್ಲಿ ಒಂದಷ್ಟು ಹೋಯಿತು.

ಮೇಣದಲ್ಲಿ ಗಂಟೆಯ ರೂಪ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ, ಮಣ್ಣನ್ನು ಕಾಯಿಸಿ ಮೇಣ ಹರಿಸಿ, ಅಚ್ಚು ಸಿದ್ಧಮಾಡಿದ. ಗಂಟೆಗೆ ಬೇಕಾದ ಲೋಹ ಒಟ್ಟಿಗೇ ಬೇಕು. ಅಚ್ಚು ಕಾಯಿಸುವ ಮೊದಲೇ ಪೆಟ್ಟಿಗೆ ತೆರೆದು ನೋಡಿದ್ದ, ಹಣ ಸಾಲದಾಗಿತ್ತು. ತಾಮ್ರದ ವ್ಯಾಪಾರಿ ಮಿಕ್ಕಿದ್ದನ್ನು ಕಡ ಕಳಿಸುತ್ತೇನೆ ಎಂದಿದ್ದ, ಗಾಡಿ ಬರಲಿಲ್ಲ. ಕಾದ ಅಚ್ಚು ಯಾರಿಗಾಗಿಯೂ ಕಾಯುವುದಿಲ್ಲ, ಆರಿದರೆ ಒಡೆಯುತ್ತದೆ. ಹೇಗೋ ಆಗುತ್ತದೆ ಎಂದು ಕಂಚುಗಾರ ಇದ್ದಷ್ಟನ್ನೇ ಹೊಯ್ದ. ಗಂಟೆಯ ಬಾಯಿ ತುಂಬಿತು, ಹೊಟ್ಟೆ ತುಂಬಿತು, ತಲೆಯ ಹತ್ತಿರ ಲೋಹ ಮುಗಿಯಿತು. ತೂಗುಹಾಕುವ ಕೊಂಡಿಗೆ ಒಂದು ಹನಿಯೂ ಉಳಿಯಲಿಲ್ಲ.

ಮರುದಿನ ಎಲ್ಲಿಂದಲೋ ಒಂದಿಷ್ಟು ಲೋಹ ತಂದು ಕೊಂಡಿಯನ್ನು ಮೇಲಿನಿಂದ ಹೊಯ್ದು ಕೂಡಿಸಿದ. ಅರದಿಂದ ಉಜ್ಜಿ ಹೊಳಪು ಕೊಟ್ಟ ಮೇಲೆ ಬೆಸುಗೆ ಕಾಣದಾಯಿತು. ದೋಣಿಯವರು ಬಂದು ನೋಡಿ ಮೆಚ್ಚಿ, ನಾಳೆ ಒಯ್ಯುತ್ತೇವೆ ಎಂದು ಹೋದರು. ಅವನು ಊಟಕ್ಕೆ ಕುಳಿತು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಕಾರಣ ಕೇಳಿದಳು, ಆಮೇಲೆ ಕೂಡಿಸಿದ ಕೊಂಡಿ ಬಹಳ ದಿನ ತಾಳದು ಎಂದು ಅವನು ಮುಚ್ಚಿಡದೆ ಹೇಳಿದ.

"ಮಂಜಿನಲ್ಲಿ ನಮ್ಮ ಮಗ ದೋಣಿಯಲ್ಲಿದ್ದು, ಬಾರಿಸುವಾಗ ಈ ಗಂಟೆ ಕಳಚಿ ಬಿದ್ದರೆ ಅವನು ಯಾವ ಸದ್ದು ಹಿಡಿದು ಬರುತ್ತಾನೆ?" ಎಂದಳು.

ಅವನು ಎದ್ದು ಸುತ್ತಿಗೆ ತೆಗೆದುಕೊಂಡ. ತಾನೇ ಹೊಯ್ದು ತಾನೇ ಉಜ್ಜಿದ ಗಂಟೆಯನ್ನು ತಾನೇ ಒಡೆದ. ಕಣ್ಣೀರು ಬಂತು, ಕೈ ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ದೋಣಿಯವರಿಗೆ ಚೂರುಗಳನ್ನು ತೋರಿಸಿ ತಪ್ಪು ಒಪ್ಪಿಕೊಂಡ. ಮಂಜು ಬೀಳುವುದರೊಳಗೆ ಗಂಟೆ ಕೊಡುತ್ತೇನೆ, ಅದಕ್ಕೆ ಒಂದು ಕಾಸನ್ನೂ ಹೆಚ್ಚು ಕೇಳುವುದಿಲ್ಲ ಎಂದ. ಅವರು ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಮತ್ತೆ ಕರಗಿಸಿದರೆ ಲೋಹ ಒಂದಷ್ಟು ಉರಿದುಹೋಗುತ್ತದೆ, ಮೊದಲಿನ ಕೊರತೆ ಬೇರೆ ಇತ್ತು. ಅವನು ಸಾಲಕ್ಕೆ ಹೋಗಲಿಲ್ಲ. ಮಹಡಿಯನ್ನು ಬಾಡಿಗೆಗೆ ಕೊಟ್ಟ. ಮನೆಯ ಕಂಚಿನ ತಟ್ಟೆ, ಚೊಂಬು, ಕೊಪ್ಪರಿಗೆ ಎಲ್ಲವನ್ನೂ ಕುಲುಮೆಗೆ ತಂದ. ಕಂಚುಗಾರನ ಮನೆಯವರು ಎಲೆಯಲ್ಲಿ ಉಂಡರು, ಮಡಕೆಯಲ್ಲಿ ನೀರು ಕುಡಿದರು. ನೆಂಟರು ಆಡಿಕೊಂಡರು. ಬೇಕಾದ ಲೋಹವೆಲ್ಲ ಕಣ್ಣೆದುರು ಬರುವವರೆಗೆ ಅವನು ಮೇಣ ಮುಟ್ಟಲಿಲ್ಲ. ಆಮೇಲೆ ಒಂದೇ ಧಾರೆಯಲ್ಲಿ ಹೊಯ್ದ. ಮಂಜು ಬಿದ್ದ ಮೊದಲ ಬೆಳಿಗ್ಗೆ ಗಂಟೆ ದಂಡೆಯ ಮೇಲೆ ಮೊಳಗಿತು. ಹೋದ ದೋಣಿಗಳೆಲ್ಲ ದಡ ಸೇರಿದವು.

ಅಂದಿನಿಂದ ಆ ಮನೆಗೆ ಎರಡು ಗಡಿಗೆಗಳು ಮರಳಿ ಬಂದವು. ಅವನು ತಂದೆಗಿಂತ ಒಂದು ಹೆಜ್ಜೆ ಮುಂದೆಯೇ ಹೋದ. ಪ್ರತಿ ಮಾರಾಟದ ಮಜೂರಿಯಲ್ಲಿ ಒಂದು ಪಾಲನ್ನು ಲೋಹದ ಗಡಿಗೆಗೆ ಸೇರಿಸುತ್ತಾ ಬಂದ. ಮನೆಯ ಗಡಿಗೆಯಿಂದ ಲೋಹದ ಗಡಿಗೆಗೆ ಹಣ ಹೋಗಬಹುದು, ಅಲ್ಲಿಂದ ಇಲ್ಲಿಗೆ ಬರಬಾರದು ಎಂದು ಕಟ್ಟು ಮಾಡಿದ. ಮುಂದೆ ಅವನು ಇನ್ನೊಂದು ಕುಲುಮೆ ಹೂಡಿದ್ದು ಆ ಪಾಲು ಬೆಳೆದ ಮೇಲೆಯೇ.

ಒಮ್ಮೆ ಕಂಚುಗಾರನ ಮನೆತನದ ಗುರುವೇ ಮನೆಗೆ ಬಂದ. ಮಠಕ್ಕೆ ಆಳೆತ್ತರದ ದೀಪದ ಕಂಬ ದಾನವಾಗಿ ಮಾಡಿಕೊಡು ಎಂದ. ಕಂಚುಗಾರ ಒಳಗೆ ಹೋಗಿ ಮನೆಯ ಗಡಿಗೆ ನೋಡಿ ಬಂದು, ಅಂಗೈಯಗಲದ ಒಂದು ಹಣತೆಯನ್ನು ಮಾತ್ರ ಕೊಡಬಲ್ಲೆ ಎಂದು ಕೈಮುಗಿದ.

"ಕುಲುಮೆಯ ಪಕ್ಕದ ಗಡಿಗೆ ತುಂಬಿದೆಯಲ್ಲಪ್ಪ?" ಎಂದ ಗುರು.

"ಅದು ನನ್ನದಲ್ಲ ಬುದ್ಧಿ, ನಾಳೆ ಹೊಯ್ಯುವ ಗಂಟೆಯದು," ಎಂದ ಕಂಚುಗಾರ.

ಗುರು ಹಣತೆಯನ್ನು ಕಣ್ಣಿಗೊತ್ತಿಕೊಂಡು ಹೋದ.

ಕತೆ ಮುಗಿಯಿತು. ಶಿವನಂಜಪ್ಪ ನಿಟ್ಟುಸಿರು ಬಿಟ್ಟು, ಆ ಕಂಚುಗಾರ ಮೊದಲು ಎಂಥ ದಡ್ಡನಾಗಿದ್ದ ಎಂದ. ತಾಯತದ ಮಾತನ್ನು ಮತ್ತೆ ತೆಗೆಯಲಿಲ್ಲ.

ಗುರುಗಳು ಹಣ್ಣುಗಳನ್ನು ಒಂದೊಂದಾಗಿ ಎತ್ತಿ ಬಾಳೆ ಎಲೆಯ ಮೇಲೆ ಇಟ್ಟುಕೊಂಡರು. ಬರಿದಾದ ಬೆಳ್ಳಿ ತಟ್ಟೆಯನ್ನು ಅವನ ಕಡೆಗೆ ಸರಿಸಿದರು.

"ಇದು ಯಾವ ಗಡಿಗೆಯದು, ಶಿವನಂಜಪ್ಪ?"