ಅಂಚು ಕತ್ತರಿಸಿದ ಬಟ್ಟೆ

ನದಿಯ ತಿರುವಿನಲ್ಲಿ ಯೆಹೂದಿಗಳ ಒಂದು ಸಣ್ಣ ಊರು. ಗುರು ಎಲ್ಯಾಕೀಮರು ಅಲ್ಲಿ ಧರ್ಮಶಾಸ್ತ್ರ ಕಲಿಸುತ್ತಿದ್ದರು. ನಫ್ತಾಲಿ ಅವರ ಶಿಷ್ಯ. ಅವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಅವರ ಶಾಸ್ತ್ರದ ಪ್ರಕಾರ, ಮುಟ್ಟಾದ ಹೆಂಡತಿಯನ್ನು ಗಂಡ ಮುಟ್ಟುವಂತಿಲ್ಲ. ಒಂದು ಲೋಟವನ್ನೂ ಕೈಯಿಂದ ಕೈಗೆ ಕೊಡುವಂತಿಲ್ಲ. ಒಬ್ಬರು ಮೇಜಿನ ಮೇಲಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಮುಟ್ಟು ನಿಂತು ಏಳು ಶುದ್ಧ ದಿನ ಕಳೆದ ಮೇಲೆ ಹೆಂಡತಿ ಕೊಳದಲ್ಲಿ ಮುಳುಗಿ ಬರುತ್ತಾಳೆ. ಆಮೇಲೆ ಎಲ್ಲ ಮೊದಲಿನಂತೆ.

ಆ ಏಳು ದಿನಗಳಲ್ಲಿ ಎಲ್ಲಾದರೂ ಕಲೆ ಕಂಡು ಅನುಮಾನವಾದರೆ, ಬಟ್ಟೆಯನ್ನು ಗುರುಗಳ ಕೋಣೆಯ ಪುಟ್ಟ ಕಿಟಕಿಯಲ್ಲಿಟ್ಟು, ಒಮ್ಮೆ ತಟ್ಟಿ, ಹೊರಟುಹೋಗುವುದು ರೂಢಿ. ಗುರುಗಳು ಅದನ್ನು ಹಗಲ ಬೆಳಕಿನಲ್ಲಿ ನೋಡುತ್ತಿದ್ದರು. ಆಮೇಲೆ ಕಿಟಕಿಯಲ್ಲಿ ಒಂದು ಕಲ್ಲಿಡುತ್ತಿದ್ದರು. ಬಿಳಿ ಕಲ್ಲೆಂದರೆ ದೋಷವಿಲ್ಲ. ಕಪ್ಪು ಕಲ್ಲೆಂದರೆ ಎಣಿಕೆ ಮತ್ತೆ ಒಂದರಿಂದ.

ಗುರುಗಳ ಪಕ್ಕದಲ್ಲಿ ಕೂತು ನೋಡುತ್ತ ನಫ್ತಾಲಿ ಬಣ್ಣಗಳನ್ನು ಬೇಗ ಕಲಿತ. ಯಾವ ಕಂದು ದೋಷ, ಯಾವ ಕಂದು ಅಲ್ಲ, ಅವನ ಕಣ್ಣಿಗೆ ತಿಳಿಯುತ್ತಿತ್ತು.

ಒಂದು ಸಲ ಹನ್ನೊಂದು ದಿನ ಕಿಟಕಿ ಸದ್ದು ಮಾಡಲಿಲ್ಲ.

"ಊರಿನ ಹೆಂಗಸರಿಗೆಲ್ಲ ಒಟ್ಟಿಗೇ ಅನುಮಾನ ತೀರಿಹೋಯಿತೋ?" ಗುರುಗಳು ಕೇಳಿದರು.

"ಗೊತ್ತಿಲ್ಲ, ಗುರುಗಳೇ."

"ನಿನ್ನ ಮುಖ ಏಕೆ ಹೀಗಿದೆ?"

"ಏನೂ ಇಲ್ಲ."

ಏನೂ ಇಲ್ಲದೆ ಇರಲಿಲ್ಲ. ಅವನ ಮನೆಯಲ್ಲಿ ಲೋಟ ಮೇಜಿನ ಮೇಲೆ ಕೂತು ಇಪ್ಪತ್ತಾರು ದಿನವಾಗಿತ್ತು. ಹೆಂಡತಿ ಸಿಪ್ಪೋರಳಿಗೆ ಏನೋ ಅನುಮಾನ. ಅವಳು ಕೊಳಕ್ಕೂ ಹೋಗುತ್ತಿರಲಿಲ್ಲ, ಕಿಟಕಿಗೂ ಹೋಗುತ್ತಿರಲಿಲ್ಲ.

"ಕಿಟಕಿಯಲ್ಲಿ ಇಟ್ಟು ಬರಬಾರದೇ?" ಎಂದು ಅವನೊಮ್ಮೆ ಕೇಳಿದ್ದ.

"ಕಿಟಕಿಯ ಆಚೆ ಯಾರು ಕೂತಿರುತ್ತಾರೆ?"

"ಗುರುಗಳು."

"ಮತ್ತೆ ಯಾರು?"

ಅವಳು ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿದ್ದಳು.

ಹನ್ನೆರಡನೆಯ ದಿನ ನಫ್ತಾಲಿ ಸುತ್ತಿಬಳಸಿ ಶುರುಮಾಡಿದ.

"ಗುರುಗಳೇ, ಒಂದೂರಿನಲ್ಲಿ ಒಬ್ಬ ಗಂಡ ಇದ್ದಾನೆ ಎಂದುಕೊಳ್ಳಿ."

"ಎಂದುಕೊಂಡೆ."

"ಅವನ ಹೆಂಡತಿಗೆ ಕಿಟಕಿಗೆ ಬರಲು ಸಂಕೋಚ."

"ಆ ಊರಿನಲ್ಲಿ ಅವಳೊಬ್ಬಳಿಗೇ ಸಂಕೋಚವೋ, ಎಲ್ಲರಿಗೂ?"

ನಫ್ತಾಲಿ ತಲೆ ತಗ್ಗಿಸಿದ.

"ನೀನು ಯಾರಿಗಾದರೂ ಏನಾದರೂ ಹೇಳಿದೆಯಾ?"

"ಇಲ್ಲ. ಕೇಳಿದೆ, ಅಷ್ಟೇ. ಅವನ ಮನೆಯ ಬಟ್ಟೆಗೆ ಬಿಳಿ ಕಲ್ಲಿಟ್ಟ ಮರುದಿನ ಬಾವಿಯ ಹತ್ತಿರ ಬಡಗಿ ಸಿಕ್ಕಿದ್ದ. 'ಮನೆಯಲ್ಲಿ ಈಗ ಎಲ್ಲ ಸರಿಹೋಯಿತಲ್ಲ?' ಎಂದೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು."

"ಬಡಗಿ ಏನೆಂದ?"

"ಕೊಡ ತುಂಬುವ ಮೊದಲೇ ಹೊರಟುಹೋದ."

"ಅವನ ಮನೆಯ ಬಟ್ಟೆ ಎಂದು ನಿನಗೆ ಹೇಗೆ ಗೊತ್ತು?"

"ಅಂಚಿನಿಂದ. ಅವರ ಮನೆಯ ಬಟ್ಟೆಗೆಲ್ಲ ಕೆಂಪು ದಾರದ ಹೊಲಿಗೆ."

ಗುರುಗಳು ಕೈ ಚಾಚಿದರು. "ನಿನ್ನ ಪುಸ್ತಕ ಕೊಡು."

ನಫ್ತಾಲಿಯ ಬಳಿ ಒಂದು ಪುಸ್ತಕವಿತ್ತು. ಕಲಿಯಲು ಅನುಕೂಲವೆಂದು ಪ್ರತಿ ಬಟ್ಟೆಯ ವಿವರ ಬರೆದಿಡುತ್ತಿದ್ದ. ದಿನ, ಬಣ್ಣ, ಕಲೆಯ ಅಳತೆ, ಗುರುಗಳ ತೀರ್ಪು. ಕೊನೆಗೆ, ಅಂಚು ನೋಡಿ ಗುರುತು ಹತ್ತಿದರೆ, ಮನೆ.

ಗುರುಗಳು ನಾಲ್ಕು ಪುಟ ತಿರುವಿದರು. ಲೇಖನಿಯನ್ನು ಅವನ ಮುಂದಿಟ್ಟರು.

"ಬರೆ. ಇವತ್ತಿನ ದಿನಾಂಕ. ಮನೆ, ನಫ್ತಾಲಿಯದು."

"ಗುರುಗಳೇ!"

"ಎಷ್ಟು ದಿನವಾಯಿತು, ಬರೆ. ಅವಳು ಏನೆಂದಳು, ನೀನು ಏನೆಂದೆ, ಬರೆ."

"ನಮ್ಮ ಮನೆಯದನ್ನು ಹೇಗೆ ಬರೆಯಲಿ?"

"ಬಡಗಿಯ ಮನೆಯದನ್ನು ಬರೆದ ಹಾಗೆ."

ನಫ್ತಾಲಿ ಲೇಖನಿ ಮುಟ್ಟಲಿಲ್ಲ.

"ಇಷ್ಟು ಗುಟ್ಟಿನ ವಿಷಯವಾದರೆ ನಮ್ಮ ತನಕ ಏಕೆ ಬರಬೇಕು, ಗುರುಗಳೇ? ಅವರವರೇ ತೀರ್ಮಾನಿಸಬಹುದಲ್ಲ?"

"ಅನುಮಾನವಿದ್ದವರು ತಮ್ಮ ಮೇಲೇ ಕಪ್ಪು ಕಲ್ಲು ಇಟ್ಟುಕೊಳ್ಳುತ್ತಾರೆ. ಈ ಹನ್ನೆರಡು ದಿನ ಎಷ್ಟು ಮನೆಗಳಲ್ಲಿ ಲೋಟ ಮೇಜಿನ ಮೇಲೇ ಇದೆಯೋ. ಅದಕ್ಕೇ ಬಟ್ಟೆ ನಮ್ಮ ತನಕ ಬರಬೇಕು."

"ಮತ್ತೆ?"

"ಬಟ್ಟೆ ಬರಬೇಕು. ಮನೆ ಬರಬಾರದು."

ನಫ್ತಾಲಿ ಒಲೆಯ ಕಡೆ ನೋಡಿದ. "ಸುಟ್ಟುಬಿಡಲೇ?"

"ಇಲ್ಲಿ ಸುಟ್ಟರೆ ನನಗೆ ಗೊತ್ತು, ನಿನಗೆ ಗೊತ್ತು. ಊರಿಗೆ?"

ಅವನು ಪುಸ್ತಕ ಎತ್ತಿಕೊಂಡು ನದಿಗೆ ಹೋದ. ಹೆಂಗಸರು ಬಟ್ಟೆ ಒಗೆಯುವ ಹೊತ್ತು. ಬೆಸ್ತರ ದೋಣಿಗಳ ಹತ್ತಿರ ಜಾಗವಿತ್ತು. ಅವನು ಅಲ್ಲಿಗೆ ಹೋಗಲಿಲ್ಲ. ಒಗೆಯುವ ಕಲ್ಲುಗಳ ಸಾಲಿನಲ್ಲೇ ಕೂತು, ಒಂದೊಂದೇ ಹಾಳೆ ಹರಿದು ನೀರಿನಲ್ಲಿ ತಿಕ್ಕತೊಡಗಿದ.

ಕಲ್ಲುಗಳ ಸದ್ದು ನಿಂತಿತು.

"ಏನಪ್ಪಾ ಪಂಡಿತ," ಹುಲ್ದಾ ಅಜ್ಜಿ ಕೇಳಿದಳು, "ಓದಿದ್ದು ಸಾಕಾಗಿ ಒಗೆಯಲು ಬಂದೆಯಾ?"

"ಕಲೆಯಾಗಿದೆ, ಅಜ್ಜಿ."

"ಯಾರು ಮಾಡಿದ್ದು?"

"ನಾನೇ."

"ಹೋಗುತ್ತಾ?"

"ಗೊತ್ತಿಲ್ಲ. ತಿಕ್ಕುತ್ತಿದ್ದೇನೆ."

"ಹಾಗೆ ಸವರಿದರೆ ಈ ಜನ್ಮದಲ್ಲಿ ಹೋಗಲ್ಲ. ಗಟ್ಟಿಯಾಗಿ ತಿಕ್ಕು."

ಯಾರೋ ಕಿಸಕ್ಕನೆ ನಕ್ಕರು. ಮಸಿ ನೀರಿಗಿಳಿದು ಹರಿದುಹೋಯಿತು. ಹಾಳೆಗಳು ಹಿಟ್ಟಿನಂತಾಗಿ ಬೆರಳ ಸಂದಿಯಲ್ಲಿ ಕರಗಿದವು. ಬರಿಯ ರಟ್ಟು ಉಳಿಯಿತು. ಅಜ್ಜಿ ಅದನ್ನು ಕೇಳಿ ಪಡೆದಳು. ಅವಳ ಕೋಳಿಗೂಡಿಗೆ ಒಂದು ಬಾಗಿಲು ಬೇಕಿತ್ತು.

ಮರುದಿನ ಕಿಟಕಿ ಸುಮ್ಮನಿತ್ತು. ಅದರ ಮರುದಿನವೂ.

ಮೂರನೆಯ ಬೆಳಗ್ಗೆ ಒಮ್ಮೆ ತಟ್ಟಿದ ಸದ್ದು.

"ಗೋಡೆಯ ಕಡೆ ತಿರುಗಿ ಕೂತುಕೋ," ಗುರುಗಳೆಂದರು.

ನಫ್ತಾಲಿ ತಿರುಗಿ ಕೂತ. ಬೆನ್ನ ಹಿಂದೆ ಕತ್ತರಿಯ ಸದ್ದು ಕೇಳಿಸಿತು. ನಾಲ್ಕು ಸಲ.

"ಈಗ ನೋಡು."

ಅಂಗೈಯಗಲದ ಬಿಳಿ ಬಟ್ಟೆ. ನಾಲ್ಕೂ ಕಡೆ ಅಂಚಿಲ್ಲ. ಕತ್ತರಿಸಿದ ಅಂಚು ಕಿಟಕಿಯಲ್ಲೇ ಒಂದು ಕರವಸ್ತ್ರದ ಕೆಳಗಿತ್ತು. ಅದರ ಒಡತಿಗೆ ಗುರುತು ಹಿಡಿಯಲು ಅಷ್ಟು ಸಾಕು.

ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದ. ಓರೆಮಾಡಿ ನೋಡಿದ. ಮತ್ತೆ ನೇರವಾಗಿ ನೋಡಿದ.

"ದೋಷವಿಲ್ಲ, ಗುರುಗಳೇ."

"ಖಂಡಿತವೇ?"

"ಖಂಡಿತ."

ಗುರುಗಳೂ ನೋಡಿದರು. "ಹೌದು, ದೋಷವಿಲ್ಲ." ಕರವಸ್ತ್ರ ಸರಿಸದೆಯೇ ಅದರ ಮೇಲೆ ಬಿಳಿ ಕಲ್ಲಿಟ್ಟರು.

ಆ ದಿನ ಇನ್ನೂ ಆರು ಸಲ ಕಿಟಕಿ ತಟ್ಟಿದ ಸದ್ದಾಯಿತು. ಕತ್ತರಿಗೆ ಬಿಡುವಿರಲಿಲ್ಲ.

ಎರಡು ದಿನ ಕಳೆಯಿತು. ಸಂಜೆ ನಫ್ತಾಲಿ ಮನೆಗೆ ಬಂದಾಗ ಸಿಪ್ಪೋರ ಹೊರಗೆ ಹೋಗಿದ್ದಳು. ಎಲ್ಲಿಗೆಂದು ಅವನು ಯಾರನ್ನೂ ಕೇಳಲಿಲ್ಲ. ದೀಪ ಹಚ್ಚಿ ಕೂತ.

ಅವಳು ಬಂದಳು. ತಲೆಗೂದಲು ಒದ್ದೆಯಾಗಿತ್ತು. ಒಲೆಯ ಬಳಿ ಹೋಗಿ ಲೋಟಕ್ಕೆ ಹಾಲು ಬಗ್ಗಿಸಿದಳು. ಮೇಜಿನ ಹತ್ತಿರ ಬಂದಳು.

ಅವನು ರೂಢಿಯಂತೆ ಕಾದ.

"ಕೈ ನೀಡ್ರೀ," ಎಂದಳು.

ಲೋಟ ಬಿಸಿಯಾಗಿತ್ತು. ಇಬ್ಬರೂ ಬಿಡಲಿಲ್ಲ.

ಮರುದಿನ ನಫ್ತಾಲಿ ಪಾಠಕ್ಕೆ ಬಂದಾಗ ಬಿಸಿಲೇರಿತ್ತು. ಮೂರು ವರ್ಷದಲ್ಲಿ ಅವನು ತಡವಾಗಿ ಬಂದದ್ದು ಎರಡೇ ಸಲ. ಎರಡು ಸಲವೂ ಗುರುಗಳು ಕಾರಣ ಕೇಳಿ, ಅದನ್ನು ಒಡೆದು ಪರೀಕ್ಷಿಸಿ, ಆಮೇಲೆಯೇ ಒಳಗೆ ಬಿಟ್ಟಿದ್ದರು.

ಅವನು ಹೊಸ್ತಿಲಲ್ಲೇ ನಿಂತ.

"ತಡವಾಯಿತು, ಗುರುಗಳೇ. ಏಕೆಂದರೆ ನಿನ್ನೆ..."

ಗುರುಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.

"ತಡವಾಯಿತು ಎಂದೆಯಲ್ಲ. ಅಷ್ಟು ಸಾಕು. ಕಿಟಕಿ ತೆರೆ."