ಗಾಳೆಪ್ಪ ತಂದ ಹೊಸ ಕತ್ತಿ

ಯಾವೂರು ಅಂತ ಕೇಳಬೇಡಿ. ಒಂದು ಕೆರೆ, ಕೆರೆಗೊಂದು ಏರಿ, ಏರಿಯ ಕೆಳಗೆ ಮೇದಾರರ ಗುಡಿಸಲು ಇರೋ ಊರು ಅಂದುಕೊಳ್ಳಿ. ಕಡೇ ಗುಡಿಸಲಲ್ಲಿ ಕೊಟ್ರವ್ವ ಇದ್ದಳು, ಅವಳ ಮಗ ಗಾಳೆಪ್ಪ ಇದ್ದ. ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹಂಗಂತ ಮಾತು ಮೀರೋನಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡ್ತಿದ್ದ. ಕೊಟ್ರವ್ವನ ಕಷ್ಟವೇ ಅದು!

"ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡ್ತಾ ಕೂರೋನು. ಹಿಂದಿನ ಕಿಂಡಿಯಿಂದ ನಾಯಿ ನುಗ್ಗಿ ರೊಟ್ಟಿ ತಿಂದು ಹೋಗೋದು.

"ನಾನು ಕಣ್ಣು ಮುಚ್ಚಿದರೆ ಇದಕ್ಕೆ ಹೇಳೋರು ಯಾರಪ್ಪಾ" ಅಂತ ಕೊಟ್ರವ್ವ ಬಿದಿರು ಹೆಣೆಯುತ್ತಾ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಆ ಯೋಚನೆ ಅವಳ ಎದೆ ಮೇಲೆ ಬೀಸೋಕಲ್ಲಿನ ಹಂಗೆ ಕೂತಿತ್ತು.

ಗೌರಿ ಹಬ್ಬ ಹತ್ತಿರ ಬಂತು. ಬಾಗಿನದ ಮೊರ ಬೇಕು ಅಂತ ಊರ ಹೆಂಗಸರೆಲ್ಲ ಹೇಳಿ ಹೋದರು. ಅವಳ ಮನೆಗೆ ವರ್ಷದ ಜೋಳ ಬರ್ತಿದ್ದದ್ದೇ ಆ ಮೊರದಿಂದ. ಅಂಥ ಹೊತ್ತಲ್ಲೇ ಗಂಡನ ಕಾಲದ ಕತ್ತಿ, ಸವೆದು ಸವೆದು ಎಲೆಯಂತಾಗಿದ್ದದ್ದು, ಬಿದಿರಿನ ಗಿಣ್ಣಿಗೆ ಸಿಕ್ಕಿ ಎರಡು ತುಂಡಾಯಿತು.

"ಗಾಳೆಪ್ಪಾ, ಕಮ್ಮಾರ ಮೌನಾಚಾರಿ ಹತ್ರ ಹೋಗು. ಬಿದಿರು ಸೀಳೋ ಕತ್ತಿ ಮಾಡಿಟ್ಟವ್ನೆ, ಇಸ್ಕೊಂಡು ಬಾ. ಹಿಡಿ ಗಟ್ಟಿಯಾಗಿ ಹಿಡ್ಕೋ. ಏನೇ ಆದ್ರೂ ಹಿಡಿ ಬಿಡಬ್ಯಾಡ!"

"ಬಿಡಲ್ಲ ಯವ್ವಾ!"

ಹೋದ. ಬಂದ. ಬೆವರು ಸುರಿಸುತ್ತಾ ಬಂದು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಮರದ ಹಿಡಿ ಇತ್ತು. ಬರೀ ಹಿಡಿ.

"ಅಲಗೆಲ್ಲೋ?"

"ಕಳಚಿ ಬಿತ್ತು."

"ಬಿದ್ರೆ ಎತ್ಕೊಳ್ಳೋದಲ್ಲವೇನೋ!"

"ಎತ್ಕೊಳ್ಳೋಕೆ ಹಿಡಿ ಬಿಡಬೇಕಾಗ್ತಿತ್ತು. ಬಿಡಬ್ಯಾಡ ಅಂದಿದ್ದೆಯಲ್ಲ?"

ಕೊಟ್ರವ್ವ ಹಣೆ ಚಚ್ಚಿಕೊಂಡಳು. ಏರಿಯುದ್ದಕ್ಕೂ ನಡೆದು, ಜಾಲಿ ಮುಳ್ಳಿನ ನಡುವೆ ಬಿದ್ದಿದ್ದ ಅಲಗನ್ನು ಹುಡುಕಿ ತಂದಳು. ಹಿಡಿಗೆ ಸಿಕ್ಕಿಸಿದರೆ ಹಾಲು ಹಲ್ಲಿನ ಹಂಗೆ ಅಲ್ಲಾಡುತ್ತಿತ್ತು.

"ಪೆದ್ದಪ್ಪಾ, ಕೇಳು. ಹಿಡಿ ಸಡಿಲ ಆದ್ರೆ ನೀರಲ್ಲಿ ನೆನೆ ಹಾಕ್ಬೇಕು. ಮರ ಉಬ್ಬಿ ಅಲಗನ್ನ ತಾನೇ ಕಚ್ಕೊಳ್ತದೆ. ತಿಳೀತಾ?"

"ತಿಳೀತು ಯವ್ವಾ!"

ನೆನೆ ಹಾಕಿದ. ಎಲ್ಲಿ? ಕೆರೆಯಲ್ಲಿ! ಹಿಡಿ, ಅಲಗು ಎರಡನ್ನೂ ಕಲ್ಲಿಗೆ ಕಟ್ಟಿ ಕೆಸರಿನ ತಳಕ್ಕೆ ಬಿಟ್ಟು, ತಾನು ದಡದಲ್ಲಿ ಕಾವಲು ಕೂತ. ಕೊಟ್ರವ್ವ ಬೇರೆಯವರ ಕತ್ತಿ ಬೇಡಿ ತಂದು ಒಂದಿಷ್ಟು ಬಿದಿರು ಸೀಳಿಕೊಂಡಳು. ಆಮೇಲೆ ಮಗ ಕೆರೆಯಿಂದ ಎತ್ತಿ ತಂದ ಕತ್ತಿ ನೋಡಿದರೆ ಹಿಡಿಯೇನೋ ಬಿಗಿಯಾಗಿದೆ, ಅಲಗಿಗೆ ಮಾತ್ರ ಕೆಂಪು ತುಕ್ಕು ಹತ್ತಿದೆ.

"ಅಯ್ಯೋ ಮುಠ್ಠಾಳ! ಹಿಡಿ ಒಂದೇ ನೆನೆ ಹಾಕಬೇಕಿತ್ತು! ನೀರಲ್ಲಿ ನೆನೀತಾ ಬಿದ್ದಿರೋದನ್ನ ಕಂಡರೆ ತೆಗೀಬೇಕು, ಒರೆಸಬೇಕು, ಎಣ್ಣೆ ಹಚ್ಚಬೇಕು, ಬೆಂಕಿ ಪಕ್ಕ ಇಟ್ಟು ಒಣಗಿಸಬೇಕು. ಅಷ್ಟೂ ಗೊತ್ತಾಗಲ್ವಾ?"

"ಈಗ ಗೊತ್ತಾಯ್ತು ಯವ್ವಾ!"

ಗೊತ್ತಾಗಿದ್ದೇ ತಪ್ಪಾಯಿತು. ಮೊರ ಹೆಣೆಯೋ ಮೊದಲು ಬಿದಿರಿನ ಸೀಳು ಮೆತ್ತಗಾಗಲಿ ಅಂತ ಬಾನಿಯ ನೀರಲ್ಲಿ ಹಾಕಿಡ್ತಾರೆ. ಕೊಟ್ರವ್ವನೂ ಹಾಕಿಟ್ಟು ಅಂಚಿಗೆ ಕಟ್ಟೋ ನಾರು ತರೋಕೆ ಹೋದಳು. ಗಾಳೆಪ್ಪ ಬಾನಿ ನೋಡಿದ. ನೀರಲ್ಲಿ ನೆನೀತಾ ಬಿದ್ದಿದೆ! ತೆಗೆದ, ಒರೆಸಿದ, ಮನೆಯಲ್ಲಿದ್ದ ಹರಳೆಣ್ಣೆಯನ್ನೆಲ್ಲ ಒಂದೊಂದು ಸೀಳಿಗೂ ಮಮತೆಯಿಂದ ಹಚ್ಚಿದ. ಒಲೆ ಉರಿ ಜೋರು ಮಾಡಿ ಸುತ್ತಲೂ ಒರಗಿಸಿಟ್ಟ.

ಕೊಟ್ರವ್ವ ಹೊಗೆ ಕಂಡು ಓಡಿ ಬಂದಳು. ಗುಡಿಸಲು ಉಳಿಯಿತು. ಸೀಳು ಒಂದೂ ಉಳಿಯಲಿಲ್ಲ.

"ಒಣಗ್ಯಾವೆ ಯವ್ವಾ" ಅಂದ ಗಾಳೆಪ್ಪ.

ಅವಳು ಬಯ್ಯಲಿಲ್ಲ. ಬೂದಿಯ ಮುಂದೆ ಕೂತು ಲೆಕ್ಕ ಹಾಕಿದಳು. ಹಬ್ಬದೊಳಗೆ ಮತ್ತೆ ಬಿದಿರು ಕಡಿದು, ಸೀಳಿ, ಹೆಣೆದು ಕೊಡೋಕಾಗುತ್ತಾ? ಆಗದೇ ಇದ್ದರೆ ಊರ ಹೆಂಗಸರು ಸಂತೆಯಲ್ಲಿ ಮೊರ ಕೊಳ್ತಾರೆ. ಈ ವರ್ಷ ಕೊಂಡವರು ಬರೋ ವರ್ಷವೂ ಅಲ್ಲೇ ಕೊಳ್ತಾರೆ.

ಕಡೆಗೆ ಎದ್ದಳು. ಎದ್ದ ಮೇಲೆ ಬೈದಳು.

"ಕತ್ತೆ! ಇನ್ನೊಬ್ಬರ ಕತ್ತಿ ಎಷ್ಟು ಸಲ ಬೇಡಲಿ? ಈ ಕತ್ತಿ ಮೊಂಡು, ಮೇಲೆ ತುಕ್ಕು. ಕಲ್ಲಿಗೆ ಉಜ್ಜು. ಒಂದೇ ಕಡೆ ಉಜ್ಜಿ ಎದ್ದು ಬರಬ್ಯಾಡ. ಎರಡೂ ಕಡೆ ಹರಿತ ಆಗಬೇಕು!"

"ಎರಡೂ ಕಡೆ ಯವ್ವಾ!"

ಉಜ್ಜಿದ. ಮೈ ಮುರಿದು ಉಜ್ಜಿದ. ಅಲಗಿನ ಬಾಯಿಯನ್ನು ಉಜ್ಜಿ ಹರಿತ ಮಾಡಿದ. ತಿರುಗಿಸಿ ಬೆನ್ನನ್ನೂ ಉಜ್ಜಿ ಹರಿತ ಮಾಡಿದ. ಕೂದಲು ಹಾಕಿದರೆ ಕೂದಲು ತುಂಡಾಗಬೇಕು, ಹಂಗೆ.

ಕೊಟ್ರವ್ವ ಬಿದಿರನ್ನು ನಿಲ್ಲಿಸಿ ಅದರ ತುದಿಗೆ ಕತ್ತಿ ಇಟ್ಟಳು. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಅದಕ್ಕೆ ಕಣ್ಣು ಬೇಕಿಲ್ಲ. ಕತ್ತಿಯ ಬೆನ್ನ ಮೇಲೆ ಬಲಗೈ ಇಟ್ಟು ಇಡೀ ಮೈ ಭಾರ ಹಾಕಿ ಒತ್ತಿದಳು.

"ಯವ್ವಾ, ನಿನ್ನ ಕೈ ಸೀಳ್ತಲ್ಲ! ಬಿದಿರು ಸೀಳಲೇ ಇಲ್ಲ!"

ಅಂಗೈ ಮೂಳೆ ಕಾಣೋ ಹಂಗೆ ಬಿಚ್ಚಿತ್ತು. ಅರಿಶಿನ ತುಂಬಿ ಹಳೇ ಸೀರೆ ಹರಿದು ಕಟ್ಟಿದಳು. ನೋವಿಗಿಂತ ಹೆಚ್ಚಾಗಿ ಅವಳನ್ನು ಕೊಂದದ್ದು ಒಂದೇ ಮಾತು: ಈ ಕೈ ಈ ಹಬ್ಬಕ್ಕೆ ಹೆಣೆಯೋದಿಲ್ಲ.

"ಯಾವ ಕಡೆ ತಪ್ಪಾಯ್ತು ಯವ್ವಾ?" ಅಂತ ಗಾಳೆಪ್ಪ ಅಳುತ್ತಾ ಕೇಳಿದ. "ಈ ಕಡೆನಾ, ಆ ಕಡೆನಾ?"

"ಏಳು! ಈ ಕತ್ತಿ ತಂದ ದಿನದಿಂದ ನನ್ನ ಮನೆ ಹಾಳಾಯ್ತು. ಆಚಾರಿ ಹತ್ರ ಹೋಗು, ದೋಷ ಎಲ್ಲೈತೆ ನೋಡು ಅನ್ನು. ದೋಷ ಇರೋದನ್ನ ಅವನ ಹತ್ರಾನೇ ಬಿಡು, ಅವನೇ ಬಡಿದು ಸರಿ ಮಾಡಲಿ. ದೋಷ ಇಲ್ಲದ್ದು ಮಾತ್ರ ನನ್ನ ಮನೆಗೆ ಬರಲಿ!"

"ಹಂಗೇ ಆಗ್ಲಿ ಯವ್ವಾ!"

ಬೆಳಗ್ಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಹೊತ್ತು ಇಳಿಯುವಾಗ ಹಾಲು ಮಾರೋ ಹಂಪಮ್ಮ ಬಂದಳು. ಅವಳ ಕೈಯಲ್ಲಿ ಕತ್ತಿ ಇತ್ತು.

"ನಿನ್ನ ಮಗ ಕೊಟ್ಟ ಕಣೇ ಕೊಟ್ರವ್ವ."

"ಅವನೆಲ್ಲಿ?"

"ಬರಲ್ಲಂತೆ. ಕತ್ತಿ ತೋರಿಸಿದ್ದಕ್ಕೆ ಆಚಾರಿಗೆ ಸಿಟ್ಟು ಬಂದು, 'ದೋಷ ಕತ್ತಿಯಲ್ಲಿಲ್ಲ, ನಿನ್ನಲ್ಲೈತೆ' ಅಂದನಂತೆ. ದೋಷ ಇರೋದು ಅಲ್ಲೇ ಇರಬೇಕು, ಇಲ್ಲದ್ದು ಮನೆಗೆ ಹೋಗಬೇಕು ಅಂತ ನೀನೇ ಹೇಳಿದ್ದಂತೆ."

ಕೊಟ್ರವ್ವ ಕತ್ತಿ ಹಿಡಿದುಕೊಂಡೇ ಓಡಿದಳು.

ಕುಲುಮೆಯಲ್ಲಿ ಗಾಳೆಪ್ಪ ಮಲಗಿದ್ದ. ಕಾದ ಕಬ್ಬಿಣ ಇಟ್ಟು ಬಡಿಯೋ ಅಡಿಗಲ್ಲಿನ ಮೇಲೆ ತಲೆ ಇಟ್ಟು, ಕಣ್ಣು ಮುಚ್ಚಿ, ಹಲ್ಲು ಕಚ್ಚಿಕೊಂಡು ಮಲಗಿದ್ದ. ಮೌನಾಚಾರಿ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಒತ್ತಿ ನಿಂತಿದ್ದ.

"ಬೆಳಗ್ಗೆಯಿಂದ ಹಿಂಗೇ ಕಣವ್ವ! ಬಡಿ, ಬಡಿ ಅಂತಾನೆ. ಎಬ್ಬಿಸಿದರೆ ಏಳಲ್ಲ. ಹಬ್ಬದ ಅವಸರಕ್ಕೆ ಹಸಿ ಮರದ ಹಿಡಿ ಹಾಕಿದ್ದೆ, ನಿಜ. ಅದನ್ನ ಮುಚ್ಚಿಕೊಳ್ಳೋಕೆ ಏನೋ ಅಂದುಬಿಟ್ಟೆ."

ಕೊಟ್ರವ್ವ ಮಗನ ಪಕ್ಕ ಕುಸಿದಳು. ಅವನ ಕೆನ್ನೆಗೆ ಮಸಿ ಮೆತ್ತಿತ್ತು, ಅಡಿಗಲ್ಲಿನ ಅಂಚು ಒತ್ತಿ ಗೆರೆ ಮೂಡಿತ್ತು.

"ಏಳಪ್ಪಾ."

"ಒಲ್ಲೆ. ಸರಿಯಾಗದೆ ಮನೆಗೆ ಬರಂಗಿಲ್ಲ."

ಅವಳ ಎದೆ ಒಡೆಯಿತು. ಕಟ್ಟಿದ ಕೈಯಲ್ಲೇ ಅವನ ತಲೆ ತಬ್ಬಿಕೊಂಡಳು.

"ನಿನ್ನಲ್ಲಿ ದೋಷ ಇಲ್ಲ ಕಂದಾ. ನಿಂಗೆ ಹೇಳೋದು ಹೆಂಗೆ ಅಂತ ನಂಗೆ ಯಾವತ್ತೂ ತಿಳೀಲಿಲ್ಲ. ದೋಷ ಎಲ್ಲಾ ನನ್ನಲ್ಲೇ ಐತೆ."

ಗಾಳೆಪ್ಪ ಕಣ್ಣು ಬಿಟ್ಟ.

"ಕತ್ತಿಯಲ್ಲಿಲ್ಲ?"

"ಇಲ್ಲಪ್ಪಾ."

"ನನ್ನಲ್ಲಿಲ್ಲ?"

"ಇಲ್ಲವೇ ಇಲ್ಲ. ನನ್ನಲ್ಲೇ."

ಅವನ ಮುಖ ಬೆಳಗಿತು. ಮೇಲೆದ್ದ. ತಾಯಿಯನ್ನು ಒಣ ಬಿದಿರಿನ ಹೊರೆ ಎತ್ತಿದ ಹಂಗೆ ಎತ್ತಿ ಅಡಿಗಲ್ಲಿಗೆ ಒರಗಿಸಿ ಕೂರಿಸಿದ. ಅವಳ ಕೈಯಿಂದ ಜಾರಿ ಬಿದ್ದಿದ್ದ ಕತ್ತಿ ತೆಗೆದುಕೊಂಡ.

"ಆಚಾರ್ರೇ, ಇವಳನ್ನ ಸರಿ ಮಾಡಿಡ್ರಿ. ನಾಳೆ ಬಂದು ಕರ್ಕೊಂಡು ಹೋಗ್ತೀನಿ. ಮೆತ್ತಗೆ ಬಡೀರಿ. ನಮ್ಮವ್ವ ಅದು."

ಹಂಗಂದು, ಕತ್ತಿಯನ್ನು ಎದೆಗೆ ಅವಚಿಕೊಂಡು, ಹಿಂತಿರುಗಿ ನೋಡದೆ ಮನೆಗೆ ಹೋದ.